ಮುಂದಿನ ಸಾಲಿನವರು

ಇಥಿಯೋಪಿಯಾದಿಂದ ವಲಸೆ ಬಂದ ಆ ಗಾಯಕ, ಊರಲ್ಲಿರುವ ತಾಯಿ ಕಲಿಸಿದ ಹಾಡುಗಳಿಗೆ ಡ್ರಮ್ಸು, ಬೇಸ್ ಗಿಟಾರು ಸೇರಿಸಿ ಫಂಕ್ ಧಾಟಿಯಲ್ಲಿ ಹಾಡುತ್ತಿದ್ದ. ಹೊಸ ನಗರದ ಜನ ಕುಣಿಯುತ್ತಿದ್ದರು. ಅದೇ ನಗರದಲ್ಲಿ ನೆಲೆಸಿದ್ದ ಅವನ ಊರಿನವರು ಮಾತ್ರ ಒಂದು ಕಾರ್ಯಕ್ರಮಕ್ಕೂ ಬಂದಿರಲಿಲ್ಲ. ಹೆತ್ತವಳ ಹಾಡು ಕೆಡಿಸಿದ ಎನ್ನುತ್ತಿದ್ದರು.

ಇವತ್ತು ಅವರೆಲ್ಲ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವನು ಗಂಟಲು ಹರಿಯುವಂತೆ ಹಾಡಿದ. ಮುಗಿದ ಮೇಲೆ ಅವರೇ ವೇದಿಕೆಯ ಹಿಂದಿನ ಕೋಣೆಗೆ ಬಂದರು.

"ಅಂತೂ ಬಂದ್ರಲ್ಲ ಮಾವ. ಈಗ್ಲೂ ಕೆಡಿಸಿದೀನಿ ಅಂತೀರಾ?" ಎಂದು ನಕ್ಕ.

"ಹಾಡಿನ ಮಾತು ಬಿಡು. ಕೂತ್ಕೋ," ಎಂದ ಗುಂಪಿನ ಮುದುಕ.

"ತಡೀರಿ, ನೀವೆಲ್ಲ ಬಂದಿದೀರಿ ಅಂತ ಮೊದ್ಲು ಅಮ್ಮಂಗೆ ಹೇಳ್ತೀನಿ."

ಮುದುಕ ಅವನ ಕೈಯಿಂದ ಫೋನು ತೆಗೆದುಕೊಂಡ.

"ಮರ್ತುಬಿಟ್ಯಾ ಮಗಾ? ನಮ್ಮಲ್ಲಿ ಸಾವಿನ ಸುದ್ದಿ ಫೋನಲ್ಲಿ ಹೇಳಲ್ಲ, ಎಲ್ಲರೂ ಸೇರಿ ಬಂದೇ ಹೇಳೋದು."