ಪೊದೆಯಲ್ಲಿ ಕುದುರಿದ ಸಂಬಂಧ

ಎಲ್ಪಾಲನಿಗೆ ಕೆಮ್ಮು ಒತ್ತಿಕೊಂಡು ಬಂತು. ಮುಷ್ಟಿಯನ್ನು ಬಾಯಿಗೆ ತುರುಕಿ ಹೇಗೋ ನುಂಗಿಕೊಂಡ. ಕೆಮ್ಮಿದವನ ಕತ್ತನ್ನು ತಾನೇ ಹಿಸುಕುವುದಾಗಿ ನಾಯಕ ಶೆಫೋ ಬೆಳಿಗ್ಗೆಯೇ ಹೇಳಿದ್ದ.

ಗಿಲ್ಯಾದಿನ ಬೆಟ್ಟದ ಮೇಲೆ ಓಕ್ ಮರಗಳ ತೋಪು. ಕೆಳಗೆ ನೀರಿನ ಒರತೆ, ಅದರಾಚೆ ಊರು, ಊರಿನ ಕಣದಲ್ಲಿ ಆಗಷ್ಟೇ ತೂರಿದ ಗೋಧಿ. ಅದನ್ನು ದೋಚಲು ನೆರೆನಾಡಿನ ಅಮ್ಮೋನಿಯರು ಬರುತ್ತಿದ್ದಾರೆಂದು ಸುದ್ದಿಯಿತ್ತು. ನಡುಹಗಲ ಬಿಸಿಲಿಗೆ ಬಾಯಾರಿ ಅವರು ಒರತೆಗೆ ಬಗ್ಗಿದಾಗ ಮೇಲಿನಿಂದ ಒಮ್ಮೆಲೇ ಎರಗಬೇಕು. ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ಪೊದೆಯಲ್ಲಿ. ಬೆಟ್ಟದಾಚೆಯ ಹಳ್ಳಿಯವರೂ ನೆರವಿಗೆ ಬರುವವರಿದ್ದರು.

ಎಲ್ಪಾಲ್ ಎಣ್ಣೆ ಗಾಣದವನು. ಅವನ ಕತ್ತಿ ಮಾವನ ಕಾಲದ್ದು. ಒರೆಯಿಂದ ಹೊರಗೇ ಬರುತ್ತಿರಲಿಲ್ಲ.

ಹಿಂದೆ ಎಲೆಗಳು ಸರಸರ ಎಂದವು. ನರೆಗಡ್ಡದ ದಪ್ಪ ಮನುಷ್ಯನೊಬ್ಬ ತೆವಳುತ್ತ ಬಂದು ಪಕ್ಕದಲ್ಲೇ ಬಿದ್ದುಕೊಂಡ. ಇಬ್ಬರೂ ಬೆಚ್ಚಿದರು.

"ನೆರವಿಗೆ ಬಂದೋರಾ?" ಎಲ್ಪಾಲ್ ಪಿಸುಗುಟ್ಟಿದ.

"ನಾನೂ ಅದನ್ನೇ ಕೇಳೋಣ ಅಂತಿದ್ದೆ. ಬೆಟ್ಟದಾಚೆಯಿಂದ ಬಂದೆ ಮಾರಾಯ, ಮೊಣಕೈಯೆಲ್ಲ ತರಚಿಹೋಯ್ತು."

ಎಲ್ಪಾಲನಿಗೆ ಜೀವ ಬಂದಂತಾಯಿತು. ರೊಟ್ಟಿ ಮುರಿದು ಕೊಟ್ಟ. ಬಂದವನು ಅಂಜೂರದ ಉಂಡೆಯ ಗಂಟು ಬಿಚ್ಚಿದ.

"ಇನ್ನೂ ಎಷ್ಟು ಹೊತ್ತು ಕಾಯ್ಬೇಕೋ!"

"ನಾನು ಏಳೋವರೆಗೂ ಏನೂ ಆಗಲ್ಲ. ನೀವು ತಿನ್ನಿ."

ತಮಾಷೆಯ ಮನುಷ್ಯ ಎಂದುಕೊಂಡ ಎಲ್ಪಾಲ್. ಮಾತು ಮಕ್ಕಳ ಕಡೆ ತಿರುಗಿತು. ಎಲ್ಪಾಲನ ಮಗಳು ಹೊಗ್ಲಾಳನ್ನು ಮದುವೆಯಾಗಬೇಕಿದ್ದ ಹುಡುಗ ಹೋದ ಸುಗ್ಗಿಯ ಕಾಳಗದಲ್ಲಿ ಸತ್ತಿದ್ದ. ಅಂದಿನಿಂದ ಅವಳು ಮನೆಯಲ್ಲಿ ನಕ್ಕಿಲ್ಲ. 

ಮುದುಕ ಇನ್ನೊಂದು ಅಂಜೂರದ ಉಂಡೆಯನ್ನು ಎಲ್ಪಾಲನ ಕಡೆ ಸರಿಸಿದ. "ನನಗೂ ಒಬ್ಬನೇ ಮಗ ಉಳಿದಿರೋದು. ಆಡು ಮೇಯಿಸ್ಕೊಂಡು ಇದ್ದಾನೆ. ಹೇಳೋಕೆ ನಾಚಿಕೆ, ಕತ್ತಿ ಕಂಡ್ರೆ ಓಡ್ತಾನೆ."

"ಜೋರಾಗಿ ಓಡ್ತಾನಾ?"

"ಯಾರ ಕೈಗೂ ಸಿಗಲ್ಲ."

"ಹಾಗಾದ್ರೆ ನನ್ನ ಮಗಳು ಅವನಿಗೇ! ಓಡೋ ಅಳಿಯ ಸಿಕ್ಕರೆ ಅವಳ ತಾಳ್ಮೆ ಕೆಡಬಹುದು, ಬಾಳು ಕೆಡಲ್ಲ."

ಮುದುಕ ಬಾಯಿಗೆ ಗಡ್ಡ ಒತ್ತಿಕೊಂಡು ನಕ್ಕ. ತನ್ನ ದೇವರ ಮೇಲೆ ಆಣೆಯಿಟ್ಟ, ಎಲ್ಪಾಲ್ ತನ್ನ ದೇವರ ಮೇಲೆ. ಮುದುಕ ತೋಳಿನಿಂದ ದಪ್ಪನೆಯ ಬಂಗಾರದ ಕಡಗ ಕಳಚಿ ಸೊಸೆಗೆಂದು ಕೊಟ್ಟ. ಸಾಮಾನ್ಯ ಸಿಪಾಯಿಯ ತೋಳಲ್ಲಿ ಇಂಥ ಕಡಗವೇ? ಎಲ್ಪಾಲ್ ಕೇಳಲಿಲ್ಲ. ಕೇಳಿ, ಅವನು ವಾಪಸು ಇಸಕೊಂಡುಬಿಟ್ಟರೆ?

"ನಿಮ್ಮೂರು ಯಾವುದು ಅಂತ ಹೇಳಲೇ ಇಲ್ವಲ್ಲ ಬೀಗರೇ," ಎಂದ ಮುದುಕ.

"ಇನ್ಯಾವುದು? ಅಗೋ, ಒರತೆಯ ಆಚೆಗೆ. ಆ ಗೋಧಿ ರಾಶಿ ಪಕ್ಕದ್ದೇ ನಮ್ಮನೆ."

ಮುದುಕ ಊರನ್ನು ನೋಡಿದ. ಎಲ್ಪಾಲನನ್ನು ನೋಡಿದ. ಗಡ್ಡ ಕೆರೆದುಕೊಂಡ. ಕೊನೆಗೆ ಉಸ್ಸೆಂದು ಉಸಿರು ಬಿಟ್ಟು, ಬಿಸಿಲಲ್ಲಿ ನೆಟ್ಟಗೆ ಎದ್ದು ನಿಂತ.

ಎಲ್ಪಾಲ್ ಗಾಬರಿಯಿಂದ ಅವನ ನಿಲುವಂಗಿ ಜಗ್ಗಿದ. "ಕೂತ್ಕೊಳ್ಳಿ ಬೀಗರೇ, ಅಮ್ಮೋನಿಯರು ನೋಡ್ತಾರೆ!"

"ನೋಡ್ಲಿ ಅಂತಾನೇ ಎದ್ದಿದ್ದು," ಎಂದವನೇ, ಬೆನ್ನ ಹಿಂದಿನ ಪೊದೆಗಳ ಕಡೆ ತಿರುಗಿ ಕೂಗಿದ: "ಲೋ ಅಮ್ಮೋನಿಯರಾ, ಈಟಿ ಕೆಳಗಿಳಿಸಿ ಹಿಂದಕ್ಕೆ ನಡೀರೋ! ಇದು ನನ್ನ ಬೀಗರ ಊರು!"