ನೀನೇನು ಓಡಿದ್ಯಾ?

ತುಮಕೂರಿನ ಒಂದು ಸಣ್ಣ ಮನೆಯಲ್ಲಿ ನಡೆದ ಸಂಗತಿ ಇದು... ನನಗೆ ತಿಳಿದ ಹಾಗೆ ಹೇಳುತ್ತೇನೆ, ಎರಡು ನಿಮಿಷ ಓದಿ.

ಸುಕನ್ಯಾ ಮತ್ತು ಭದ್ರೇಶ್ ದಂಪತಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೇಘಶ್ರೀ, ಏಳನೇ ಕ್ಲಾಸು. ಚಿಕ್ಕವಳು ಇಂಚರ, ಮೂರನೇ ಕ್ಲಾಸು.

ಮೇಘಶ್ರೀ ಖೋ ಖೋ ಆಟಗಾರ್ತಿ. ಜಿಲ್ಲಾ ತಂಡದ ಆಯ್ಕೆಗೆ ಒಂದೇ ತಿಂಗಳು ಉಳಿದಿತ್ತು...

ಆ ಮನೆಯಲ್ಲಿ ಊಟ, ನಿದ್ದೆ, ನೆಂಟರ ಮನೆಯ ನಾಮಕರಣ... ಎಲ್ಲವೂ ಪ್ರಾಕ್ಟೀಸ್ ಟೈಮ್ ನೋಡಿಕೊಂಡೇ.

ದಿನಾ ಸಂಜೆ ಸುಕನ್ಯಾ ಇಬ್ಬರನ್ನೂ ಸ್ಕೂಟಿಯಲ್ಲಿ ಕೂರಿಸಿಕೊಂಡು ಮೈದಾನಕ್ಕೆ ಹೋಗುತ್ತಿದ್ದಳು. ದೊಡ್ಡವಳು ಆಡುತ್ತಿದ್ದಳು. ಅಮ್ಮ ಗೆರೆಯ ಪಕ್ಕದಲ್ಲಿ ನಿಂತು ಹುರಿದುಂಬಿಸುತ್ತಿದ್ದಳು. ಚಿಕ್ಕವಳು ಮರದ ಕೆಳಗೆ ಬ್ಯಾಗು ಕಾಯುತ್ತಿದ್ದಳು.

ಮನೆಗೆ ಬಂದ ಮೇಲೆ ಒಂದು ಕೆಲಸ ಮಾತ್ರ ತಪ್ಪುತ್ತಿರಲಿಲ್ಲ.

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ, ಮೇಘಶ್ರೀಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಅರ್ಧ ಗಂಟೆ ನೀವುತ್ತಿದ್ದಳು. ಆ ಅರ್ಧ ಗಂಟೆ ತಾಯಿ ಮಗಳದ್ದು ಮಾತೋ ಮಾತು... ನಗುವೋ ನಗು...

ಒಂದು ದಿನ ಇಂಚರ ಬಂದು ಅಕ್ಕನ ಪಕ್ಕದಲ್ಲಿ ಕಾಲು ಚಾಚಿ ಕೂತಳು.

"ಅಮ್ಮಾ, ನಂಗೂ ಕಾಲು ನೋವು..."

"ನೀನೇನು ಓಡಿದ್ಯಾ? ಮರದ ಕೆಳಗೆ ಕೂತಿದ್ದೋಳಿಗೆ ಎಂಥಾ ನೋವೇ? ಹೋಗು, ಹೋಮ್‌ವರ್ಕ್ ಮುಗಿಸು."

"ಬ್ಯಾಗ್ ಕಾಯ್ದು ಕಾಯ್ದು ಮೇಡಮ್‌ಗೆ ಸುಸ್ತಾಗಿದೆ ಕಣಮ್ಮಾ!" ಎಂದು ಅಕ್ಕ ರೇಗಿಸಿದಳು.

ಎಲ್ಲರೂ ನಕ್ಕರು. ಇಂಚರಳೂ ಸ್ವಲ್ಪ ನಕ್ಕಳು... ಕಾಲು ಮಡಚಿಕೊಂಡು ಎದ್ದು ಹೋದಳು.

ಸುಕನ್ಯಾ ಕೆಟ್ಟ ತಾಯಿ ಅಲ್ಲ. ಬೆಳಗ್ಗೆ ಐದಕ್ಕೆ ಎದ್ದು ಇಬ್ಬರಿಗೂ ಡಬ್ಬಿ ಕಟ್ಟುವವಳು. ಆ ಜಾಗದಲ್ಲಿ ನಾನಿದ್ದರೂ ಅದೇ ಮಾತು ಹೇಳುತ್ತಿದ್ದೆನೇನೋ...

ಹತ್ತು ದಿನ ಕಳೆಯಿತು. ಒಂದು ಸಂಜೆ ಭದ್ರೇಶ್ ಅಂಗಡಿ ಕೆಲಸ ಬೇಗ ಮುಗಿಸಿ ಮೈದಾನಕ್ಕೆ ಬಂದ. ಪಿ.ಟಿ. ಮೇಷ್ಟ್ರು ದೂರದಿಂದಲೇ ಕೂಗಿದರು.

"ರೀ ಭದ್ರೇಶ್, ನಿಮ್ಮ ಚಿಕ್ಕ ಮಗಳನ್ನೂ ಆಟಕ್ಕೆ ಸೇರಿಸ್ರೀ!"

"ಇಂಚರಾನಾ ಸರ್? ಅವಳಿಗೆ ಆಟ ಅಂದ್ರೇನೇ ಆಗಲ್ಲ."

"ಏನ್ರೀ ಹೇಳ್ತೀರಿ! ಒಂದು ವಾರದಿಂದ ನೋಡ್ತಿದ್ದೀನಿ. ನಾವಿಲ್ಲಿ ಆಡಿಸ್ತಿದ್ರೆ, ಅವಳು ಆ ಕಡೆ ಒಬ್ಬಳೇ ಓಡ್ತಾನೇ ಇರ್ತಾಳೆ. ಇವತ್ತು ಎಂಟು ರೌಂಡ್! ಎಂಥಾ ಸ್ಟ್ಯಾಮಿನಾ ಕಣ್ರೀ!"

ಸುಕನ್ಯಾಗೆ ಆಶ್ಚರ್ಯ. ದಿನಾ ಅದೇ ಮೈದಾನದಲ್ಲಿದ್ದರೂ ಅವಳು ಇದನ್ನು ನೋಡಿಯೇ ಇರಲಿಲ್ಲ... ಚಿಕ್ಕವಳ ಕಡೆಗೆ ಅವಳು ಬೆನ್ನು ಹಾಕಿ ನಿಲ್ಲುತ್ತಿದ್ದಳು.

ಮನೆಗೆ ಬಂದ ಭದ್ರೇಶನ ಖುಷಿ ಹೇಳತೀರದು.

"ನಾಳೇನೇ ನಿನಗೂ ಶೂ ತರೋಣ ಕಂದಾ! ನಮ್ಮನೇಲಿ ಇನ್ಮೇಲೆ ಇಬ್ಬಿಬ್ಬರು ಚಾಂಪಿಯನ್ಸ್!"

ಇಂಚರ ಗಾಬರಿಯಾದಳು. "ಬೇಡಪ್ಪಾ... ನಂಗೆ ಆಟ ಇಷ್ಟ ಇಲ್ಲ."

"ಮತ್ತೆ ಯಾಕೆ ಅಷ್ಟೊಂದು ಓಡಿದೆ?"

ಅವಳು ಅಪ್ಪನನ್ನು ದಾಟಿ ಅಮ್ಮನ ಮುಂದೆ ಬಂದು ನಿಂತಳು.

"ಓಡಿದ್ರೆ ಕಾಲು ನೋಯುತ್ತೆ ಅಲ್ವಾಮ್ಮಾ... ದಿನಾ ಓಡಿದೆ, ನೋವೇ ಬರ್ಲಿಲ್ಲ. ಇವತ್ತು ಬಂದಿದೆ. ಸುಳ್ಳಲ್ಲ ಕಣಮ್ಮಾ... ಬೇಕಾದ್ರೆ ಮುಟ್ಟಿ ನೋಡು..."



ಸುಕನ್ಯಾ ಮಗಳನ್ನು ಎಳೆದು ಕೂರಿಸಿಕೊಂಡು ಸಾಕ್ಸ್ ಬಿಚ್ಚಿದಳು. ಸ್ಕೂಲ್ ಶೂ ಕಚ್ಚಿ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು...

ಆ ಪುಟ್ಟ ಪಾದಗಳನ್ನು ಎದೆಗೆ ಒತ್ತಿಕೊಂಡು ತಾಯಿ ಬಿಕ್ಕಿ ಬಿಕ್ಕಿ ಅತ್ತಳು.

"ತುಂಬಾ ನೋವಿಲ್ಲಮ್ಮಾ, ಅಳಬೇಡ" ಎಂದು ಮಗಳೇ ಅಮ್ಮನ ಕಣ್ಣು ಒರೆಸಿದಳು.

ಕಾಲು ಚಾಚಿ ಕೂತಿದ್ದ ಮೇಘಶ್ರೀ ಮೆಲ್ಲಗೆ ಕಾಲು ಎಳೆದುಕೊಂಡಳು. "ಅಮ್ಮಾ... ನಾನು ಖೋ ಖೋ ಬಿಟ್ಟುಬಿಡ್ಲಾ?"

"ಯಾಕೇ ಬಿಡ್ಬೇಕು? ತಪ್ಪು ಆಟದ್ದಲ್ಲ ಕಣೇ, ನಂದು" ಎಂದಳು ಸುಕನ್ಯಾ.

ಅವತ್ತೇ ಗಂಡ ಹೆಂಡತಿ ಕೂತು ಮಾತಾಡಿದರು. ವಾರದಲ್ಲಿ ಮೂರು ದಿನ ಮೈದಾನಕ್ಕೆ ಅಪ್ಪ ಕರೆದುಕೊಂಡು ಹೋಗುವುದು. ಆ ಮೂರು ದಿನ ಅಮ್ಮ ಚಿಕ್ಕವಳ ಜೊತೆ ಮನೆಯಲ್ಲಿ.

ಮೇಘಶ್ರೀ ಜಿಲ್ಲಾ ತಂಡಕ್ಕೆ ಆಯ್ಕೆಯಾದಳು ಅಂತ ಆಮೇಲೆ ಗೊತ್ತಾಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಸುದ್ದಿ ಅಲ್ಲ... ಹೊಸ ವ್ಯವಸ್ಥೆಯ ಮೊದಲ ಸಂಜೆ.

ಅಪ್ಪ, ಅಕ್ಕ ಮೈದಾನಕ್ಕೆ ಹೊರಟರು. ಸುಕನ್ಯಾ ಎಣ್ಣೆ ಬಿಸಿ ಮಾಡಿ ತಂದು ನೆಲದ ಮೇಲೆ ಕೂತಳು. "ಇಂಚರಾ, ಬಾ ಪುಟ್ಟಾ."

ಇಂಚರ ಬಾಗಿಲಲ್ಲೇ ನಿಂತಳು. ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಹೇಳಿದಳು...

"ಇವತ್ತು ನಾನು ಓಡಿಲ್ಲಮ್ಮಾ... ನೋವೂ ಇಲ್ಲ."

"ನೋವಿಲ್ಲದಿದ್ರೂ ಬಾರೇ..." ಎಂದು ಅಮ್ಮ ಎರಡೂ ಕೈ ಚಾಚಿದಳು.

ಗೆಲ್ಲುವ ಮಗುವಿಗೆ ನಮ್ಮ ಚಪ್ಪಾಳೆ ಸಿಗಲಿ... ಏನೂ ಆಡದ ಮಗುವಿಗೂ ನಮ್ಮ ಮಡಿಲು ಸಿಗಲಿ.

ನಿಮ್ಮ ಮನೆಯಲ್ಲಿ ನಿಮ್ಮ ಬೆನ್ನ ಹಿಂದೆ ಒಬ್ಬಂಟಿಯಾಗಿ ಓಡುತ್ತಿರುವವರು ಯಾರು... ಇವತ್ತು ಒಮ್ಮೆ ತಿರುಗಿ ನೋಡುತ್ತೀರಾ?