ಒಂಬತ್ತನೆಯ ಪುಟ

ನುಡಿಸುವವರ ಮಣಿಕಟ್ಟು ಬಿಗಿಯಾದರೆ ಈಗಿನ ಪಿಯಾನೋಗಳು ಬೈಯುವುದಿಲ್ಲ, ಸುಮ್ಮನಾಗುತ್ತವೆ. ಸಂಗೀತ ವಿಮರ್ಶಕರಿಗೆ ಈ ಗುಣ ಇನ್ನೂ ಬಂದಿಲ್ಲ.

ನಿವೃತ್ತ ನರ್ಸ್ ಸುಗುಣಾ ಅಮ್ಮನ್ನ ಅವರಿಗೆ ಹದಿನಾಲ್ಕು ಪುಟಗಳ ಒಂದು ಕಷ್ಟದ ಕೃತಿ ಕಲಿಯುವ ಆಸೆ. ಕೈ ಕೆಡಿಸಿಕೊಳ್ಳಬಾರದೆಂದು ಇಂಥವನ್ನು ಕಲಿಯುವ ಮೊದಲೇ ಪರವಾನಗಿ ಬೇಕು. ಮನೆಗೆ ಬರುವ ಪರೀಕ್ಷಕರು ಕೇಳುವುದು ಇಷ್ಟೇ: ಒಂಬತ್ತನೆಯ ಪುಟದ ಅತಿ ಕಷ್ಟದ ನಾಲ್ಕು ಸಾಲು, ಅರ್ಧ ವೇಗದಲ್ಲಿ, ಮೂರು ಸಲ. ಹೋದ ವರ್ಷ ಸುಗುಣಾ ಎಲ್ಲರಂತೆ ಮೊದಲ ಪುಟವನ್ನು ಚೆಂದವಾಗಿ ಕಲಿತಿಟ್ಟುಕೊಂಡಿದ್ದರು. ಒಂಬತ್ತನೆಯದಕ್ಕೆ ಬಂದಾಗ ಪಿಯಾನೋ ಮೌನ ತಾಳಿತು. ಅದಕ್ಕೆ ಹಿಡಿಶಾಪ ಹಾಕಿ, ಹಟದಿಂದ ಅಭ್ಯಾಸ ಮುಂದುವರಿಸಿದರು. ಹದಿನೈದು ದಿನಕ್ಕೆ ಕೈ ಊದಿಕೊಂಡಾಗ ಡಾಕ್ಟರು ಹೇಳಿದ್ದೂ ಪಿಯಾನೋ ಹೇಳಿದ್ದನ್ನೇ, ಸ್ವಲ್ಪ ಉದ್ದವಾಗಿ.

ಈ ವರ್ಷ ಪರೀಕ್ಷಕ ಸೋನ್ಸ್ ಕಾಫಿ ಮುಟ್ಟದೆ ಕೇಳುತ್ತ ಕುಳಿತರು. ಎರಡು ಸಲ ಸಲೀಸಾಗಿ ಆಯಿತು. ಮೂರನೆಯ ಸಲ, ಎರಡನೇ ಸಾಲಿನಲ್ಲಿ, ಸುಗುಣಾ ತಾವಾಗಿಯೇ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರು.

“ಬಿಗಿಯಾಗ್ತಾ ಬಂತು. ಹೋಯ್ತಲ್ಲ, ಈ ವರ್ಷಾನೂ?”

“ಪಾಸು ಅಕ್ಕ, ಕಲಿಯೋಕೆ ಶುರು ಮಾಡಿ. ಪಿಯಾನೋಗಿಂತ ಮೊದಲು ನಿಮಗೇ ಗೊತ್ತಾಯ್ತಲ್ಲ, ನಾವು ನೋಡೋದು ಅದನ್ನೇ.”

ಸೋನ್ಸ್ ಸ್ಕ್ರೂಡ್ರೈವರ್ ತೆಗೆದರು. ಪಾಸಾದವರ ಪಿಯಾನೋದಿಂದ ಬಿಗಿತ ಕಂಡರೆ ಸದ್ದು ನಿಲ್ಲಿಸುವ ಪುಟ್ಟ ಪೆಟ್ಟಿಗೆಯನ್ನು ಬಿಚ್ಚಿ ಒಯ್ಯುವುದು ಪದ್ಧತಿ. ಸುಗುಣಾ ಅಡ್ಡ ನಿಂತರು.

“ಬೇಡಪ್ಪ, ಇರಲಿ. ಮೂವತ್ತೈದು ವರ್ಷ ಊರವರ ನಾಡಿಯೆಲ್ಲ ನೋಡಿದೆ. ನನ್ನ ಕೈ ಹಿಡಿದು ನೋಡಿದ್ದು ಇದೊಂದೇ. ಸ್ಕ್ರೂಡ್ರೈವರ್ ಒಳಗಿಡಿ, ಕಾಫಿ ಆರ್ತಾ ಇದೆ.”